ಕ್ಲಿನಿಕ್‌ಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಹಳೇ ಬಿಲ್ ಒಂದನ್ನು ಮತ್ತೆ ಪ್ರಿಂಟ್ ತೆಗೆಸಿ ನೋಡಿ

ಸಣ್ಣ ಕ್ಲಿನಿಕ್, ಜೊತೆಗೊಂದು ಮೆಡಿಕಲ್ ಸ್ಟೋರ್ ನಡೆಸುವವರು ಬಿಲ್ಲಿಂಗ್ ಸಾಫ್ಟ್‌ವೇರ್ ಹುಡುಕುತ್ತಿದ್ದರೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ. ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೂ ಜಾಸ್ತಿ ಉಪಯೋಗ ಇಲ್ಲ. ಆ ಒಂದನ್ನು ಬಿಟ್ಟು ಅದೇ ಚಾಳಿಯ ಇನ್ನೊಂದನ್ನು ತಗೊಂಡರೆ ಕಥೆ ಅದೇ ಆಗುತ್ತದೆ.

ನಮ್ಮದು ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರ. ಯಜಮಾನರು ಜನರಲ್ ಫಿಸಿಶಿಯನ್. ಒಳಗೆ ಓಪಿಡಿ, ಇಸಿಜಿ, ನೆಬ್ಯುಲೈಸರ್, ಡ್ರೆಸ್ಸಿಂಗ್ ರೂಮು. ರಸ್ತೆ ಕಡೆಗೆ ಮೆಡಿಕಲ್ ಸ್ಟೋರ್. ಅಲ್ಲಿ ಫಾರ್ಮಸಿಸ್ಟ್ ನನ್ನ ನಾದಿನಿ. ಕೌಂಟರ್ ಮತ್ತು ಲೆಕ್ಕಪತ್ರ ನನ್ನದು.

ಡೆಮೊ ದಿನ ಎಲ್ಲ ಸಾಫ್ಟ್‌ವೇರೂ ಚೆನ್ನಾಗಿಯೇ ಕಾಣುತ್ತದೆ. ಬಂದ ಹುಡುಗ ಲ್ಯಾಪ್‌ಟಾಪ್ ತೆಗೆದ, ನಾಲ್ಕು ಔಷಧಿ ಹಾಕಿದ, ಬಿಲ್ ವಾಟ್ಸಾಪ್‌ಗೆ ಬಂತು. "ನೋಡಿ ಮೇಡಂ, ಡಾಕ್ಟರ್ ಫೀಸು, ಔಷಧಿ, ಇಸಿಜಿ ಎಲ್ಲಾ ಒಂದೇ ಬಿಲ್ಲಲ್ಲಿ" ಅಂದ. ಬಣ್ಣ ಬಣ್ಣದ ಗ್ರಾಫ್ ತೋರಿಸಿದ. ಬಿಲ್ ಹೇಗೆ ಹುಟ್ಟುತ್ತದೆ ಅನ್ನುವುದು ಮಾತ್ರ ಅಲ್ಲಿ ಕಾಣುತ್ತದೆ. ಆರು ತಿಂಗಳು ಕಳೆದ ಮೇಲೆ ಅದೇ ಬಿಲ್‌ಗೆ ಏನಾಗಿರುತ್ತದೆ ಅನ್ನುವುದನ್ನು ಯಾವ ಡೆಮೊದಲ್ಲೂ ತೋರಿಸುವುದಿಲ್ಲ.

ನಮಗೆ ಅದು ಗೊತ್ತಾಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಆ ತಿಂಗಳ 3ನೇ ತಾರೀಕು ಜಿಎಸ್‌ಟಿ ಕೌನ್ಸಿಲ್ ತೆರಿಗೆ ಇಳಿಸುವ ತೀರ್ಮಾನ ಮಾಡಿತು. 22ರಿಂದ ಹೊಸ ದರ ಜಾರಿ. 12 ಪರ್ಸೆಂಟ್‌ನಲ್ಲಿದ್ದ ಔಷಧಿಗಳು 5ಕ್ಕೆ ಇಳಿದವು. ಕೆಲವು ಜೀವರಕ್ಷಕ ಔಷಧಿಗಳಿಗೆ ತೆರಿಗೆಯೇ ಹೋಯಿತು. ಥರ್ಮಾಮೀಟರ್ 18ರಿಂದ 5ಕ್ಕೆ ಬಂತು, ಗ್ಲುಕೋಮೀಟರ್ 12ರಿಂದ 5ಕ್ಕೆ. ಊರಿನ ಅಂಗಡಿಯವರೆಲ್ಲ ಸಾಫ್ಟ್‌ವೇರ್ ಕಂಪನಿಗಳಿಗೆ ಫೋನ್ ಹಚ್ಚಿ ಕೂತ ವಾರ ಅದು.

ನಮ್ಮ ಕಂಪನಿಯವರು ಮೊದಲು ಕೇಳಿದ್ದು ಎಎಂಸಿ, ಅಂದರೆ ವರ್ಷ ವರ್ಷ ಕಟ್ಟುವ ನಿರ್ವಹಣೆಯ ದುಡ್ಡು. ಕಟ್ಟಿದೆವು. ರಿಮೋಟ್‌ನಲ್ಲಿ ಬಂದು, ಔಷಧಿ, ಬೆಲೆ, ತೆರಿಗೆ ದರ ಎಲ್ಲ ಇರುವ ಮೂಲ ಪಟ್ಟಿ ಐಟಂ ಮಾಸ್ಟರ್‌ನಲ್ಲಿ 12 ಇದ್ದ ಕಡೆಯೆಲ್ಲ 5 ಮಾಡಿ, "ಆಯ್ತು ಮೇಡಂ" ಅಂತ ಹೋದರು.

ಮೊದಲ ಜಗಳ ಎಂಆರ್‌ಪಿದು. ಲೆಕ್ಕ ಸುಲಭ, ನೀವೇ ನೋಡಿ. ಸ್ಟ್ರಿಪ್ ಮೇಲೆ 112 ರೂಪಾಯಿ ಅಂತ ಇದೆ ಅಂದುಕೊಳ್ಳಿ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. 12 ಪರ್ಸೆಂಟ್ ಇದ್ದಾಗ ಔಷಧಿ ಬೆಲೆ 100, ತೆರಿಗೆ 12. ತೆರಿಗೆ 5 ಆದರೆ ಗಿರಾಕಿ ಕೊಡಬೇಕಾದ್ದು 105. ಈ ಸಾಫ್ಟ್‌ವೇರ್ ಏನು ಮಾಡಿತು? 112 ಅನ್ನು ಹಾಗೇ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿತು. ಔಷಧಿ 106 ರೂಪಾಯಿ 67 ಪೈಸೆ, ತೆರಿಗೆ 5 ರೂಪಾಯಿ 33 ಪೈಸೆ. ಅಂದರೆ ಸರ್ಕಾರ ಇಳಿಸಿದ ತೆರಿಗೆ ಜನರಿಗೆ ಸಿಗದೆ ನಮ್ಮ ಗಲ್ಲಾಪೆಟ್ಟಿಗೆಗೆ ಬಿತ್ತು! "ಏನಕ್ಕಾ, ಟಿವೀಲಿ ಕಮ್ಮಿ ಆಗಿದೆ ಅಂತಾರೆ, ನೀವು ಅಷ್ಟೇ ತಗೊಳ್ತೀರಲ್ಲ" ಅಂತ ಬಿಪಿ ಮಾತ್ರೆಗೆ ಬರುವ ಅಜ್ಜ ಕೇಳಿದರು. ಅವರು ಕೇಳಿದ್ದು ಸರಿಯಾಗೇ ಇತ್ತು. ಹಳೇ ಎಂಆರ್‌ಪಿ ಮುದ್ರಿಸಿರುವ ಸ್ಟಾಕನ್ನು ವಾಪಸ್ ಕಳಿಸಬೇಕಾಗಿರಲಿಲ್ಲ, ಆದರೆ ಹೊಸ ಬೆಲೆಗೇ ಮಾರಬೇಕಿತ್ತು. ಒಂದೇ ಔಷಧಿಯ ಎರಡು ಬ್ಯಾಚ್‌ಗೆ ಎರಡು ಬೆಲೆ ಇಡುವ ಜಾಗವೇ ಈ ಸಾಫ್ಟ್‌ವೇರ್‌ನಲ್ಲಿ ಇರಲಿಲ್ಲ. ನಾದಿನಿ ಕ್ಯಾಲ್ಕುಲೇಟರ್ ಹಿಡಿದು ಪ್ರತಿ ಬಿಲ್‌ಗೂ ಕೈಯಲ್ಲಿ ಡಿಸ್ಕೌಂಟ್ ಹಾಕುತ್ತಾ ಕೂತಳು.

ಇದನ್ನಾದರೂ ಹೇಗೋ ಸಹಿಸಬಹುದಿತ್ತು. ಅಸಲಿ ಹೊಡೆತ ಬಿದ್ದಿದ್ದು ಆಮೇಲೆ. ಆಗಸ್ಟ್‌ನಲ್ಲಿ ಔಷಧಿ ತಗೊಂಡಿದ್ದ ಒಬ್ಬರು ಆಫೀಸಿನಲ್ಲಿ ಮೆಡಿಕಲ್ ಕ್ಲೇಮ್ ಹಾಕೋಕೆ ಬಿಲ್ ಕಳೆದುಹೋಗಿದೆ, ಇನ್ನೊಂದು ಪ್ರಿಂಟ್ ಕೊಡಿ ಅಂತ ಬಂದರು. ಕೊಟ್ಟೆವು. ನಾದಿನಿ ಅದನ್ನೇ ನೋಡುತ್ತಾ ನಿಂತಳು. "ಅತ್ತಿಗೆ, ಆಗಸ್ಟ್ ಬಿಲ್ಲಲ್ಲಿ 5 ಪರ್ಸೆಂಟ್ ಹೇಗೆ ಬಂತು?"

ವಿಷಯ ಏನೆಂದರೆ, ಒಳ್ಳೆಯ ಸಾಫ್ಟ್‌ವೇರ್ ಬಿಲ್ ಮಾಡಿದ ಕ್ಷಣದ ಬೆಲೆ, ತೆರಿಗೆ, ಬ್ಯಾಚ್, ಎಕ್ಸ್‌ಪೈರಿ ಎಲ್ಲವನ್ನೂ ಆ ಬಿಲ್ ಜೊತೆಗೇ ಬರೆದಿಡುತ್ತದೆ. ಕೆಟ್ಟದ್ದು ಔಷಧಿಯ ಕೋಡ್ ಮತ್ತು ಎಷ್ಟು ಅನ್ನುವುದನ್ನಷ್ಟೇ ಇಟ್ಟುಕೊಂಡು, ಪ್ರಿಂಟ್ ಕೊಟ್ಟಾಗಲೆಲ್ಲ ದರವನ್ನು ಮಾಸ್ಟರ್‌ನಿಂದ ಎತ್ತಿಕೊಳ್ಳುತ್ತದೆ. ಮಾಸ್ಟರ್‌ನಲ್ಲಿ ದರ ಬದಲಾದರೆ ಹಿಂದಿನ ಎಲ್ಲ ಬಿಲ್‌ಗಳೂ ಬದಲಾದ ಹಾಗೆಯೇ. ಜುಲೈ ತಿಂಗಳ ರಿಪೋರ್ಟ್ ಮತ್ತೆ ತೆಗೆದರೆ ನಾವು ರಿಟರ್ನ್ಸ್‌ನಲ್ಲಿ ತೋರಿಸಿದ್ದೇ ಒಂದು, ಇಲ್ಲಿ ಬರುತ್ತಿದ್ದದ್ದೇ ಇನ್ನೊಂದು. ಕಟ್ಟಿದ ತೆರಿಗೆ ಸರಿಯಾಗಿದೆ, ಅದನ್ನು ತೋರಿಸೋಕೆ ನಮ್ಮ ಹತ್ತಿರ ಇರುವ ಪುರಾವೆ ಮಾತ್ರ ಸುಳ್ಳು ಹೇಳುತ್ತಿದೆ. ಆಡಿಟರ್ ಸಾರ್ ತಲೆ ಮೇಲೆ ಕೈ ಇಟ್ಟರು. ಔಷಧಿ ವಾಪಸ್ ಕೊಡೋಕೆ ಬಂದವರಿಗೂ ಇದೇ ಗತಿ. 112 ಕೊಟ್ಟು ತಗೊಂಡು ಹೋಗಿದ್ದ ಸ್ಟ್ರಿಪ್‌ಗೆ ಕಂಪ್ಯೂಟರ್ ಈಗ ತನ್ನದೇ ಲೆಕ್ಕ ಹೇಳುತ್ತದೆ.

ಕಂಪನಿಗೆ ಫೋನ್ ಮಾಡಿದರೆ ಬಂದ ಉತ್ತರ: "ಹಳೇ ಬಿಲ್ ಯಾಕೆ ಪ್ರಿಂಟ್ ತೆಗೀತೀರ ಮೇಡಂ?"

ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಆರು ವರ್ಷ! ಅಷ್ಟು ದಿನ ಬಿಲ್ ಹೇಗಿತ್ತೋ ಹಾಗೇ ಇರಬೇಕು ಅಲ್ವಾ?

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕ್ಲಿನಿಕ್ ಜೊತೆ ಮೆಡಿಕಲ್ ಇಟ್ಟುಕೊಂಡ ಎಷ್ಟೋ ಜನ ಡಾಕ್ಟರಿಗೆ ಇದು ಗೊತ್ತಿರುವುದಿಲ್ಲ. ಡಾಕ್ಟರ ಫೀಸಿಗೆ ಜಿಎಸ್‌ಟಿ ಇಲ್ಲ, ನಿಜ. ಆದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ ವರ್ಷದ ವಹಿವಾಟಿನ ಮಿತಿ ಲೆಕ್ಕ ಹಾಕುವಾಗ ವಿನಾಯಿತಿ ಇರುವ ಆ ಫೀಸೂ ಸೇರುತ್ತದೆ. ಕರ್ನಾಟಕದಲ್ಲಿ 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ಕ್ಲಿನಿಕ್ ಮತ್ತು ಮೆಡಿಕಲ್ ಎರಡೂ ಒಂದೇ ಪ್ಯಾನ್‌ನಲ್ಲಿದ್ದರೆ ಮಿತಿ 20 ಲಕ್ಷ. ಹಾಗಾಗಿ ಸಾಫ್ಟ್‌ವೇರ್‌ಗೆ ಫೀಸು ಬೇರೆ, ಔಷಧಿ ಬೇರೆ ಅಂತ ಗೊತ್ತಿರಬೇಕು, ಎರಡನ್ನೂ ಕೂಡಿಸಿ ತೋರಿಸಲೂ ಬರಬೇಕು. ನಮ್ಮದಕ್ಕೆ ಎರಡೂ ಬರುತ್ತಿರಲಿಲ್ಲ. ಅದು ಮೂಲದಲ್ಲಿ ಕಿರಾಣಿ ಅಂಗಡಿಯ ಸಾಫ್ಟ್‌ವೇರ್. ಮೇಲೆ ಸ್ಟೆತಸ್ಕೋಪ್ ಚಿತ್ರ ಅಂಟಿಸಿದ್ದರು ಅಷ್ಟೆ. ಇಸಿಜಿಯನ್ನೂ ಒಂದು ಸಾಮಾನು ಅಂತಲೇ ಸೇರಿಸಬೇಕಿತ್ತು. ದಿನಾ ಬೆಳಿಗ್ಗೆ "ಇಸಿಜಿ ಸ್ಟಾಕ್ ಖಾಲಿ" ಅಂತ ಕೆಂಪು ಅಕ್ಷರದಲ್ಲಿ ತೋರಿಸುತ್ತಿತ್ತು. ಮೊದಮೊದಲು ನಗು ಬರುತ್ತಿತ್ತು.

ಶೆಡ್ಯೂಲ್ ಎಚ್1 ರಿಜಿಸ್ಟರ್ ಇದೆ ಅಂತ ಅವರ ಪಾಂಪ್ಲೆಟ್‌ನಲ್ಲಿ ದೊಡ್ಡದಾಗಿ ಹಾಕಿದ್ದರು. ಸೆಫಿಕ್ಸಿಮ್, ಟ್ರಮಡಾಲ್, ಆಲ್ಪ್ರಜೋಲಾಮ್ ತರಹದ ಔಷಧಿ ಮಾರಿದಾಗ ಬರೆದ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿರಿ ಅನ್ನುವುದನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಇವರ ರಿಪೋರ್ಟ್‌ನಲ್ಲಿ ಡಾಕ್ಟರ ಕಾಲಂ ಇತ್ತು. ಎಲ್ಲ ಸಾಲಿನಲ್ಲೂ ನಮ್ಮ ಯಜಮಾನರ ಹೆಸರೇ ಬರುತ್ತಿತ್ತು, ಬೇರೆ ಡಾಕ್ಟರ ಚೀಟಿ ತಂದವರಿಗೂ! ನಾದಿನಿ ಹುಷಾರು, ಪುಸ್ತಕದ ರಿಜಿಸ್ಟರ್ ಬಿಟ್ಟಿರಲಿಲ್ಲ. ಡ್ರಗ್ಸ್ ಇನ್ಸ್‌ಪೆಕ್ಟರ್ ಬಂದಾಗ ಮಾನ ಉಳಿಸಿದ್ದು ಆ ಪುಸ್ತಕವೇ.

ಸರಿ, ಬಿಟ್ಟುಬಿಡೋಣ, ಬೇರೆ ತಗೊಳ್ಳೋಣ ಅಂತ ತೀರ್ಮಾನ ಮಾಡಿದೆವು. ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ ಅಂತ ಆಗ ಗೊತ್ತಾಯಿತು.

ಡೇಟಾ ಇದ್ದದ್ದು ನಮ್ಮ ಕಂಪ್ಯೂಟರ್‌ನಲ್ಲೇ. ಆದರೆ ಡೇಟಾಬೇಸ್ ಪಾಸ್‌ವರ್ಡ್ ಕಂಪನಿಯವರ ಹತ್ತಿರ. ಬ್ಯಾಕಪ್ ಅಂತ ದಿನಾ ರಾತ್ರಿ ಒಂದು ಫೈಲ್ ಆಗುತ್ತಿತ್ತು. ಅದನ್ನು ಅವರ ಸಾಫ್ಟ್‌ವೇರ್ ಬಿಟ್ಟು ಬೇರೆ ಯಾವುದರಲ್ಲೂ ತೆರೆಯೋಕೆ ಬರುವುದಿಲ್ಲ. ಜೊತೆಗೆ ಅದು ಬೀಳುತ್ತಿದ್ದದ್ದು ಅದೇ ಹಾರ್ಡ್ ಡಿಸ್ಕಿನ ಡಿ ಡ್ರೈವ್‌ಗೆ. ಡಿಸ್ಕ್ ಹೋದರೆ ಎರಡೂ ಹೋದ ಹಾಗೆ. ಎಕ್ಸೆಲ್‌ನಲ್ಲಿ ಎಲ್ಲ ಕೊಡಿ ಅಂದರೆ "ಡೇಟಾ ಮೈಗ್ರೇಶನ್ ಚಾರ್ಜ್" ಅಂತ ಹೊಸ ಸಾಫ್ಟ್‌ವೇರ್ ಬೆಲೆಯ ಹತ್ತಿರ ಹತ್ತಿರ ಹೇಳಿದರು. ನಮ್ಮ ರೋಗಿಗಳ ಹೆಸರು, ನಮ್ಮ ಬಿಲ್ಲು, ನಾವೇ ಕೂತು ಟೈಪ್ ಮಾಡಿದ್ದು. ಅದನ್ನು ನಮಗೆ ಕೊಡೋಕೆ ದುಡ್ಡು. ಎಎಂಸಿ ಮುಗಿದರೆ ಹಳೇ ಬಿಲ್ ನೋಡೋಕಾದರೂ ತೆರೆಯುತ್ತದಾ ಅಂತ ಕೇಳಿದೆ. ಇಲ್ಲವಂತೆ, ಲಾಕ್ ಆಗುತ್ತದಂತೆ. ಕಾನೂನು ನೋಡಿದರೆ ಆರು ವರ್ಷ ಇಟ್ಟುಕೊಳ್ಳಿ ಅನ್ನುತ್ತದೆ, ಇವರು ನೋಡಿದರೆ ವರ್ಷಕ್ಕೊಮ್ಮೆ ಬೀಗ ಹಾಕುತ್ತಾರೆ.

ಚೌಕಾಸಿ ಮಾಡಿ ಅರ್ಧಕ್ಕೆ ಒಪ್ಪಿಸಿದೆವು. ಬಂದ ಫೈಲ್ ನೋಡಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಕನ್ನಡದಲ್ಲಿ ಹಾಕಿದ್ದ ರೋಗಿಗಳ ಹೆಸರೆಲ್ಲ ಹುಳುಹುಪ್ಪಟೆಯಂತೆ ಕಾಣುತ್ತಿದ್ದವು. ಸಾಫ್ಟ್‌ವೇರ್ ಒಳಗೆ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ) ಇರಲೇ ಇಲ್ಲ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್ ಇಟ್ಟು ಕನ್ನಡ ಕಾಣಿಸುತ್ತಿದ್ದರು. ಆ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಗುರುತುಗಳು. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ, ಅದರಲ್ಲಿ ಹಾಕಿದೆವು. ಆದರೆ ಒಂದೇ ಕಾಲಂನಲ್ಲಿ ಕೆಲವು ಹೆಸರು ಇಂಗ್ಲಿಷ್‌ನಲ್ಲಿ, ಕೆಲವು ನುಡಿಯಲ್ಲಿ. ಪರಿವರ್ತಕ ಇಂಗ್ಲಿಷ್ ಹೆಸರನ್ನೂ ಕನ್ನಡ ಅಂತ ತಿಳಿದು ತಿರುವಿ ಹಾಕಿತು. ಒಂದೊಂದಾಗಿ ಬೇರೆ ಮಾಡಬೇಕಾಯಿತು.

ಬ್ಯಾಚ್ ನಂಬರ್ ಕಥೆ ಇನ್ನೂ ಚೆಂದ. ನಂಬರ್ ನಡುವೆ ಇಂಗ್ಲಿಷ್‌ನ ಇ ಅಕ್ಷರ ಒಂದೇ ಇದ್ದರೆ ಎಕ್ಸೆಲ್ ಅದನ್ನು ದೊಡ್ಡ ಸಂಖ್ಯೆ ಅಂತ ತಿಳಿದು ರೂಪವನ್ನೇ ಬದಲಿಸಿಬಿಡುತ್ತದೆ. ತಿಂಗಳ ಹೆಸರಿನ ತರಹ ಕಂಡರೆ ತಾರೀಕು ಮಾಡಿಬಿಡುತ್ತದೆ. ಮೊದಲಲ್ಲಿ ಸೊನ್ನೆ ಇದ್ದರೆ ತಿಂದುಹಾಕುತ್ತದೆ. ಆ ಫೈಲನ್ನು ಕಂಪನಿಯವರೇ ಒಮ್ಮೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿ ಕಳಿಸಿದ್ದರಿಂದ ಮೂಲ ನಂಬರ್ ಹೋಗೇಬಿಟ್ಟಿತ್ತು. ಕಪಾಟಿನ ಮುಂದೆ ನಿಂತು ಸ್ಟ್ರಿಪ್ ನೋಡಿ ಬರೆದುಕೊಂಡೆವು. ಮಾರಿಹೋದ ಸ್ಟಾಕಿನದು ಖರೀದಿ ಬಿಲ್ ನೋಡಿ ತುಂಬಿದ್ದಾಯಿತು. ನಿಮಗೆ ಯಾರಾದರೂ ಇಂಥ ಫೈಲ್ ಕೊಟ್ಟರೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಬ್ಯಾಚ್ ಕಾಲಂ ಅನ್ನು ಟೆಕ್ಸ್ಟ್ ಅಂತ ಹೇಳಿ ತೆಗೆಯಿರಿ.

ಇಷ್ಟರ ನಡುವೆ ಸಪೋರ್ಟ್ ಹುಡುಗರು, ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸುವ ರಿಮೋಟ್ ಆ್ಯಪ್‌ಗೆ ಖಾಯಂ ಪಾಸ್‌ವರ್ಡ್ ಇಟ್ಟಿದ್ದು ಗೊತ್ತಾಯಿತು. ನಾವು ಒಪ್ಪಿಗೆ ಕೊಡದಿದ್ದರೂ ಅವರು ಯಾವಾಗ ಬೇಕಾದರೂ ಒಳಗೆ ಬರಬಹುದಿತ್ತು. ರೋಗಿಗಳ ಹೆಸರು, ಫೋನು, ಯಾರು ಯಾವ ಮಾತ್ರೆ ತಗೊಳ್ಳುತ್ತಾರೆ ಅನ್ನುವುದೆಲ್ಲ ಅದರಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯ ಪ್ರಕಾರ ಅದರ ಹೊಣೆ ಕ್ಲಿನಿಕ್‌ನದ್ದು, ಕೆಲಸ ಹೊರಗಿನವರಿಗೆ ವಹಿಸಿದ್ದರೂ ಸಹ. ಇವತ್ತೇ ನಿಮ್ಮ ಕಂಪ್ಯೂಟರ್‌ನಲ್ಲಿ ಆ ಸೆಟ್ಟಿಂಗ್ ನೋಡಿಕೊಳ್ಳಿ.

ಈಗ ಯಾರೇ ಡೆಮೊಗೆ ಬಂದರೂ ನಾನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿಕೊಳ್ಳುತ್ತೇನೆ. ಒಂದು ಬಿಲ್ ಮಾಡಿಸುತ್ತೇನೆ. ಆಮೇಲೆ ಆ ಔಷಧಿಯ ತೆರಿಗೆ, ಬೆಲೆ ಎರಡನ್ನೂ ಬದಲಿಸಲು ಹೇಳಿ, ಹಳೇ ಬಿಲ್ ಮತ್ತೆ ಪ್ರಿಂಟ್ ಕೊಡಿ ಅನ್ನುತ್ತೇನೆ. ಇದಕ್ಕೆ ಐದು ನಿಮಿಷವೂ ಬೇಡ. ಇಲ್ಲೇ ಅರ್ಧ ಜನ ಬೆವರುತ್ತಾರೆ. ಮುಂದೆ ಒಂದು ಬಿಲ್ ಅಳಿಸಿ ಅನ್ನುತ್ತೇನೆ. ಅದು ಅಳಿಸಿಯೇಹೋದರೆ ಆ ಸಾಫ್ಟ್‌ವೇರ್ ಬೇಡ. ಬಿಲ್ ನಂಬರ್ ಸಾಲಾಗಿ ಇರಬೇಕು, ನಡುವೆ ತಪ್ಪಬಾರದು. ರದ್ದಾದ ಬಿಲ್ ಕೂಡ ರದ್ದು ಅಂತ ಕಾಣಬೇಕು, ಯಾರು ಯಾವಾಗ ರದ್ದು ಮಾಡಿದರು ಅಂತಲೂ ಇರಬೇಕು. ತಿದ್ದಿದ್ದರ ದಾಖಲೆ ಇಡುವ ಸಾಫ್ಟ್‌ವೇರನ್ನೇ ಬಳಸಬೇಕು ಅನ್ನುವ ನಿಯಮ 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಇದೆ. ನಮ್ಮಂಥ ಒಬ್ಬರ ಹೆಸರಿನ ಕ್ಲಿನಿಕ್‌ಗೆ ಅದು ಅನ್ವಯ ಆಗುವುದಿಲ್ಲ. ಆದರೂ ಕೌಂಟರ್‌ನಲ್ಲಿ ಮೂರು ಜನ ಕೂರುವ ಕಡೆ ಅದು ಬೇಕೇ ಬೇಕು.

ಕೊನೆಗೆ ಕನ್ನಡ ಹೆಸರಿರುವ ಬಿಲ್‌ಗಳನ್ನು ಎಕ್ಸೆಲ್‌ಗೆ ತೆಗೆದು ನನ್ನ ಪೆನ್ ಡ್ರೈವ್‌ಗೆ ಹಾಕಿ ಅನ್ನುತ್ತೇನೆ. "ಅದು ಬ್ಯಾಕ್ ಆಫೀಸಿಂದ ಮಾಡಿಕೊಡ್ತೀವಿ ಮೇಡಂ" ಅಂದರೆ ಅಲ್ಲಿಗೆ ಮಾತು ಮುಗಿಯಿತು. ಮಾಡಿ ತೋರಿಸಿದರೆ ಮನೆಗೆ ತಂದು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡುತ್ತೇನೆ. ಎಎಂಸಿ ಮುಗಿದ ಮೇಲೂ ನೋಡೋಕೆ, ಪ್ರಿಂಟ್ ತೆಗೆಯೋಕೆ ತೆರೆದಿರುತ್ತದೆ ಅನ್ನುವುದನ್ನು ಬಾಯಿಮಾತಲ್ಲಿ ಬೇಡ, ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಕ್ಲೌಡ್ (ಡೇಟಾ ನೆಟ್ ಮೂಲಕ ಕಂಪನಿಯ ಸರ್ವರ್‌ನಲ್ಲಿ ಇರುವ ಬಗೆ) ಆದರೆ ಇದು ಇನ್ನೂ ಮುಖ್ಯ, ಅಲ್ಲಿ ನಿಮ್ಮ ಕೈಯಲ್ಲಿ ಫೈಲೂ ಇರುವುದಿಲ್ಲ. ನಮ್ಮ ಊರಿನ ಕರೆಂಟು, ನೆಟ್ ನಂಬಿಕೊಂಡು ಪೂರ್ತಿ ಕ್ಲೌಡ್‌ಗೆ ಹೋಗೋಕೆ ನನಗೆ ಇನ್ನೂ ಧೈರ್ಯ ಇಲ್ಲ. ಬೆಂಗಳೂರಿನವರಿಗೆ ಅದೇ ಸರಿಹೋಗಬಹುದು.

ಅಂದಹಾಗೆ, ಮೆಡಿಕಲ್ ಸ್ಟೋರ್ ಇಲ್ಲ, ಬರೀ ಕನ್ಸಲ್ಟೇಶನ್ ಅನ್ನುವ ಕ್ಲಿನಿಕ್‌ಗೆ ಇದ್ಯಾವುದೂ ಬೇಡ ಅಂತ ನನ್ನ ಅಭಿಪ್ರಾಯ. ನಂಬರ್ ಇರುವ ರಸೀದಿ ಪುಸ್ತಕ, ದಿನದ ಕೊನೆಗೆ ಒಂದು ಎಕ್ಸೆಲ್ ಶೀಟು ಸಾಕು. ಸುಮ್ನೆ ಯಾರೋ ಹೇಳಿದರು ಅಂತ ಸಾಫ್ಟ್‌ವೇರ್ ಹಾಕಿಸಿಕೊಂಡು ವರ್ಷ ವರ್ಷ ಎಎಂಸಿ ಕಟ್ಟುವ ಬದಲು ಆ ದುಡ್ಡಲ್ಲಿ ಒಂದು ಒಳ್ಳೆ ಯುಪಿಎಸ್ ತಗೊಳ್ಳಿ.