ಲೋಕಪಾವನಿ ಹೊಳೆಯ ಕೆಲಸಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್: ಹಲವು ವರ್ಷಗಳ ಬಳಕೆಯ ನಂತರ

ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಸೇರುವ ಲೋಕಪಾವನಿಯ ಹಳ್ಳ, ಕೆರೆ, ಕಟ್ಟೆಗಳನ್ನು ಗುರುತಿಸಲು ಮಂಡ್ಯ ಜಿಲ್ಲೆಯ ನಾವು ಕೆಲವರು ಹಲವು ವರ್ಷಗಳಿಂದ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುತ್ತಿದ್ದೇವೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಈ ಉಚಿತ ನಕ್ಷೆ ಹೆಚ್ಚಿನವರಿಗೆ ದಾರಿ ಹುಡುಕುವ ಸಾಧನ. ನದಿ ಉಳಿಸುವ ಕೆಲಸಕ್ಕೆ ಅದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದಷ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದರ ದೊಡ್ಡ ಗುಣವೆಂದರೆ ನೀರಿನ ದಾರಿಯನ್ನು ದಿಕ್ಕಿನ ಸಮೇತ ದಾಖಲಿಸುವುದು. ಹಳ್ಳವಾಗಲಿ, ನಾಲೆಯಾಗಲಿ, ಚರಂಡಿಯಾಗಲಿ, ಗೆರೆಯನ್ನು ನೀರು ಹರಿಯುವ ಕಡೆಗೇ ಎಳೆಯಬೇಕು, ಒಂದರ ತುದಿ ಇನ್ನೊಂದಕ್ಕೆ ಕೂಡಬೇಕು ಎಂಬುದು ಇಲ್ಲಿನ ನಿಯಮ. ಹಾಗೆ ಕೂಡಿಸಿದ ಮೇಲೆ ಒಂದು ಊರಿನ ಚರಂಡಿ ನೀರು ಯಾವ ಕಟ್ಟೆಗೆ ಇಳಿಯುತ್ತದೆ, ಆ ಕಟ್ಟೆ ಕೋಡಿ ಬಿದ್ದಾಗ ನೀರು ಯಾವ ಕೆರೆಗೆ ಹೋಗುತ್ತದೆ, ಅಲ್ಲಿಂದ ಹೊಳೆಯನ್ನು ಎಲ್ಲಿ ಸೇರುತ್ತದೆ ಎಂಬುದನ್ನು ಹೊಳೆಯ ಕಡೆಯಿಂದಲೂ ಊರಿನ ಕಡೆಯಿಂದಲೂ ಜಾಡು ಹಿಡಿಯಬಹುದು. 81,155 ಚದರ ಕಿಲೋಮೀಟರ್ ವಿಸ್ತಾರದ ಕಾವೇರಿ ಕಣಿವೆಯ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಕನ್ನಂಬಾಡಿ ಅಣೆಕಟ್ಟೆಯ ಮಟ್ಟ ಭರ್ತಿಯ 124.80 ಅಡಿ ಮುಟ್ಟಿತೇ ಎಂಬಲ್ಲಿಗೇ ನಿಲ್ಲುತ್ತದೆ. ನದಿಗೆ ಹೊಲಸು ಬಂದು ಸೇರುವುದು ಮಾತ್ರ ಯಾವ ನಕ್ಷೆಯಲ್ಲೂ ಹೆಸರಿಲ್ಲದ ಇಂಥ ಹಳ್ಳಗಳಿಂದ, ಮತ್ತು ಅವುಗಳಿಗೆ ಹೆಸರು ಕೊಟ್ಟು ದಾಖಲಿಸುವ ಅಧಿಕಾರವನ್ನು ಊರಿನವರ ಕೈಗೇ ಕೊಡುವ ನಕ್ಷೆ ನನ್ನ ಅನುಭವದಲ್ಲಿ ಇದೊಂದೇ. ಕನ್ನಡದ ಹೆಸರಿಗೆ ಪ್ರತ್ಯೇಕ ಜಾಗವಿದೆ, ಯಾರು ಯಾವ ದಿನ ಏನನ್ನು ತಿದ್ದಿದರು ಎಂಬ ಚರಿತ್ರೆಯೂ ಉಳಿಯುತ್ತದೆ.

ಆದರೆ ಮಂಡ್ಯದಂಥ ನಾಲಾ ಬಯಲಿನಲ್ಲಿ ಈ ಕೆಲಸ ಸುಲಭವಲ್ಲ. ವಿಶ್ವೇಶ್ವರಯ್ಯ ನಾಲೆ ಮತ್ತು ಅದರ ಕವಲುಗಳು ಬಂದ ಮೇಲೆ ಇಲ್ಲಿ ಎರಡು ಬಗೆಯ ನೀರು ಒಂದನ್ನೊಂದು ದಾಟಿಕೊಂಡು ಹರಿಯುತ್ತದೆ. ಹಳ್ಳದ ಮೇಲೆ ನಾಲೆ ಮೇಲ್ಗಾಲುವೆಯಲ್ಲಿ ದಾಟುವ ಕಡೆ ಉಪಗ್ರಹ ಚಿತ್ರದಲ್ಲಿ ಎರಡೂ ಕೂಡಿದಂತೆಯೇ ಕಾಣುತ್ತವೆ. ದೂರದಲ್ಲಿ ಕುಳಿತು ಗೆರೆ ಎಳೆಯುವವರು ಅಲ್ಲೊಂದು ಕೂಡುಬಿಂದು ಇಟ್ಟರೆ, ನಕ್ಷೆಯ ಪ್ರಕಾರ ನಾಲೆಯ ನೀರು ಹಳ್ಳಕ್ಕೆ ಬಿದ್ದು, ಅಲ್ಲಿಂದ ಕೆಳಗೆ ಹುಡುಕಿದ್ದೆಲ್ಲ ಸುಳ್ಳಾಗುತ್ತದೆ. ನಾಲೆಗೆ ಸೇತುವೆಯ ಗುರುತು ಹಾಕಿ ಅದನ್ನು ಒಂದು ಪದರ ಮೇಲಿಡುವ ಸೌಲಭ್ಯವೇನೋ ಇದೆ. ಸ್ಥಳ ನೋಡಿದವರಷ್ಟೇ ಅದನ್ನು ಸರಿಯಾಗಿ ಬಳಸಬಲ್ಲರು. ತೂಬಿನ ವಿಷಯವೂ ಹೀಗೆಯೇ. ಏರಿಯ ಅಡಿಯಲ್ಲಿ ಹುದುಗಿರುವ ಕಲ್ಲಿನ ತೂಬು ಯಾವ ಚಿತ್ರದಲ್ಲೂ ಸಿಗುವುದಿಲ್ಲ; ಕೆರೆಯ ನೀರು ಬಿಡುವ ಹೊಣೆ ಹೊತ್ತ ನೀರುಗಂಟಿಯ ಜೊತೆ ಏರಿಯ ಮೇಲೆ ನಡೆದು, ಅವರು ಕೈ ತೋರಿಸಿದ ಕಡೆ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುವುದೇ ನಮಗೆ ಉಳಿದ ದಾರಿ. ನೀರುಗಂಟಿಗಳು ಕಡಿಮೆಯಾಗುತ್ತಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.

ಉಪಗ್ರಹ ಚಿತ್ರಗಳನ್ನೇ ನೆಚ್ಚಿಕೊಂಡರೆ ಇನ್ನೂ ಎರಡು ತೊಡಕುಗಳಿವೆ. ಜೊಂಡು, ಅಂತರಗಂಗೆ ಮುಚ್ಚಿದ ಕೆರೆ ಹಸಿರು ಗದ್ದೆಯಾಗಿ ಕಾಣುತ್ತದೆ, ನಾಟಿಯ ಕಾಲದ ಗದ್ದೆ ಕೆರೆಯಾಗಿ ಕಾಣುತ್ತದೆ. ಹೊಸ ಚಿತ್ರ ಬೇಕೆಂದು ಐದು ದಿನಕ್ಕೊಮ್ಮೆ ಹಾದುಹೋಗುವ ಸೆಂಟಿನೆಲ್-2 ಉಪಗ್ರಹಗಳ ಮೊರೆಹೋದರೆ, ಅವುಗಳ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್. ಸಣ್ಣ ಹಳ್ಳ ಅದರೊಳಗೇ ಕರಗಿಹೋಗುತ್ತದೆ. ಮೇಲಾಗಿ, ಹಳ್ಳಗಳಲ್ಲಿ ನೀರಿರುವ ಮುಂಗಾರಿನಲ್ಲೇ ಮೋಡ ಅಡ್ಡ ಬರುತ್ತದೆ.

ಒತ್ತುವರಿಯ ಪ್ರಶ್ನೆಯಲ್ಲಿ ಈ ನಕ್ಷೆ ಒಂಟಿಯಾಗಿ ನಿಲ್ಲಲಾರದು. ದೂರಿನೊಂದಿಗೆ ಇದರ ಪ್ರತಿ ಲಗತ್ತಿಸಿದಾಗ ಕಚೇರಿಯೊಂದರಲ್ಲಿ ಮೊದಲು ಕೇಳಿದ್ದು ಸರ್ವೆ ನಂಬರ್, ಮತ್ತು ಅದು ನ್ಯಾಯವಾದ ಪ್ರಶ್ನೆಯೇ, ಏಕೆಂದರೆ ಕೆರೆಯಂಗಳದ ಗಡಿಯನ್ನು ತೀರ್ಮಾನಿಸುವುದು ಕಂದಾಯ ದಾಖಲೆ ಮತ್ತು ಗ್ರಾಮ ನಕ್ಷೆ. ಈಗ ನಾವು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ತಿಳಿದುಕೊಂಡು, ನೀರಿನ ದಾರಿಗೆ ಮಾತ್ರ ಓಪನ್‌ಸ್ಟ್ರೀಟ್‌ಮ್ಯಾಪ್ ಪ್ರತಿಯನ್ನು ಜೊತೆಗಿಡುತ್ತೇವೆ. ಎರಡೂ ಒಟ್ಟಿಗಿದ್ದಾಗ ಮಾತು ಮುಂದಕ್ಕೆ ಹೋಗುತ್ತದೆ.

ಹೊಸಬರು ಒಂದು ವಿಷಯ ಗಮನಿಸಬೇಕು. ಮೂಲ ನಕ್ಷೆಗೆ ಸೇರಿಸಬೇಕಾದುದು ಯಾರು ಹೋಗಿ ನೋಡಿದರೂ ದೃಢಪಡುವ ಸಂಗತಿಗಳನ್ನು ಮಾತ್ರ; ಗೂಗಲ್ ನಕ್ಷೆಯಿಂದ ನಕಲು ಮಾಡುವುದಕ್ಕೆ ಅನುಮತಿಯಿಲ್ಲ. ನೊರೆ ಕಂಡ ದಿನ, ಸತ್ತ ಮೀನಿನ ಫೋಟೊ, ಮರಳು ತೆಗೆದ ಗುಂಡಿ ಇಂಥವಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆಯೇ ಕೆಲಸ ಮಾಡುವ ಯುಮ್ಯಾಪ್ ಎಂಬ ಸಾಧನದಲ್ಲಿ ನಮ್ಮದೇ ಪದರ ಮಾಡಿಕೊಂಡು, ದಿನಾಂಕದ ಸಮೇತ ದಾಖಲಿಸುವುದು ಒಳ್ಳೆಯದು. ಖಾತೆಯಿಲ್ಲದೆ ರಚಿಸಿದ ಯುಮ್ಯಾಪ್ ನಕ್ಷೆಯನ್ನು ಅದರ ತಿದ್ದುವ ಕೊಂಡಿ ಸಿಕ್ಕವರು ಯಾರು ಬೇಕಾದರೂ ಬದಲಿಸಬಹುದಾದ್ದರಿಂದ, ಖಾತೆ ತೆರೆದೇ ಕೆಲಸ ಶುರುಮಾಡಿ, ವಾಟ್ಸಾಪ್ ಗುಂಪುಗಳಿಗೆ ನೋಡುವ ಕೊಂಡಿಯನ್ನು ಮಾತ್ರ ಕಳುಹಿಸಿ.