ಹಳೆಯ ಅಲಾಯ್ ವೀಲ್ ಕಳುಹಿಸಲು ಬಸ್ಸೋ, ಲಾರಿಯೋ, ಕೊರಿಯರ್ರೋ: ಒಂದು ಹೋಲಿಕೆ

ತುಮಕೂರಿನಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಯಾರಾದರೂ ತಮ್ಮ ಕಾರಿನ ಹಳೆಯ ಅಲಾಯ್ ವೀಲ್‌ಗಳನ್ನು ಮಾರಾಟಕ್ಕಿಟ್ಟರೆ ಬೆಳಿಗ್ಗೆ ಹೋಗಿ ನೋಡಿ, ಒಪ್ಪಿಗೆಯಾದರೆ ಡಿಕ್ಕಿಯಲ್ಲಿ ಹಾಕಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಆದರೆ ನಮಗೆ ಬೇಕಾದ ಅಳತೆಯ ಒಳ್ಳೆಯ ಸೆಟ್ಟು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇರುತ್ತದೆ, ನಾವು ಬಿಚ್ಚಿಟ್ಟ ಸೆಟ್ಟನ್ನು ಕೇಳುವವರು ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ಇರುತ್ತಾರೆ. ಹೀಗೆ ಖಾಸಗಿ ವ್ಯಕ್ತಿಗಳ ನಡುವೆ ವೀಲ್‌ಗಳನ್ನು ಕೊಳ್ಳುವಾಗ ಮತ್ತು ಮಾರುವಾಗ ನಾನು ಬಸ್ಸಿನ ಪಾರ್ಸೆಲ್, ಲಾರಿ ಟ್ರಾನ್ಸ್‌ಪೋರ್ಟ್ ಮತ್ತು ಕೊರಿಯರ್ ಮೂರನ್ನೂ ಬಳಸಿದ್ದೇನೆ. ಈ ಮೂರರಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಉತ್ತರವು ವೀಲ್ ಟೈರಿನೊಡನೆ ಹೋಗುತ್ತದೆಯೋ ಬರಿಯ ರಿಮ್ ಮಾತ್ರ ಹೋಗುತ್ತದೆಯೋ ಎಂಬುದನ್ನು ಅವಲಂಬಿಸಿದೆ ಎಂಬುದು ನನ್ನ ಅನುಭವದಿಂದ ಬಂದ ಅಭಿಪ್ರಾಯ.

ನನ್ನ ಒಲವು ಬರಿಯ ರಿಮ್ಮಿನ ಕಡೆಗಿದೆ, ಅದಕ್ಕೆ ಸಾಗಣೆಯ ಖರ್ಚಿಗಿಂತ ದೊಡ್ಡ ಕಾರಣವೊಂದಿದೆ. ಅಲಾಯ್ ವೀಲಿನ ಹೊರಮುಖ ಎಷ್ಟೇ ಹೊಳೆಯುತ್ತಿದ್ದರೂ ಅದರ ನಿಜವಾದ ಸ್ಥಿತಿ ತಿಳಿಯುವುದು ಒಳಗಿನ ಅಂಚಿನಲ್ಲಿ. ಹಳ್ಳಕ್ಕೆ ಬಿದ್ದ ವೀಲ್ ಸಾಮಾನ್ಯವಾಗಿ ಬೆಂಡಾಗುವುದೂ ಬಿರುಕು ಬಿಡುವುದೂ ಅಲ್ಲಿಯೇ, ಮತ್ತು ಟೈರ್ ಕೂತಿರುವಾಗ ಆ ಭಾಗದ ಬಹುಪಾಲು ಕಣ್ಣಿಗೆ ಬೀಳುವುದಿಲ್ಲ. ಬೇರೆ ಊರಿನಿಂದ ಟೈರ್ ಸಮೇತ ತರಿಸಿದ ಹದಿನೈದು ಇಂಚಿನ ಒಂದು ಸೆಟ್ಟನ್ನು ಬಿ.ಎಚ್. ರಸ್ತೆಯ ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ ಯಂತ್ರಕ್ಕೆ (ವೀಲನ್ನು ತಿರುಗಿಸಿ ಅದರ ಸಮತೋಲ ನೋಡುವ ಯಂತ್ರ) ಏರಿಸಿದಾಗ, ಮೂರು ವೀಲ್‌ಗಳು ನೆಟ್ಟಗೆ ತಿರುಗಿದವು, ನಾಲ್ಕನೆಯದರ ಒಳ ಅಂಚು ಯಂತ್ರದ ತೋಳಿನ ಹತ್ತಿರಕ್ಕೆ ಬಂದು ದೂರ ಸರಿಯುತ್ತಿತ್ತು. ಮೆಕ್ಯಾನಿಕ್ ಟೈರ್ ಬಿಚ್ಚಿ, ಬೆಳ್ಳಿ ಬಣ್ಣದ ಸ್ಪ್ರೇಯನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಕೆರೆದ. ಕೆಳಗೆ ಕಿರುಬೆರಳಿನಷ್ಟು ಉದ್ದದ, ಉಬ್ಬುಉಬ್ಬಾದ ವೆಲ್ಡಿಂಗ್ ಗೆರೆ ಕಾಣಿಸಿತು. “ಇದು ಬರೀ ಬೆಂಡ್ ಅಲ್ಲ ಸಾರ್, ವೆಲ್ಡ್ ಮಾಡವ್ರೆ, ಹಾಕ್ಕೊಂಡು ಹೈವೇಗೆ ಹೋಗ್ಬೇಡಿ” ಎಂದ. ಸಣ್ಣ ಬೆಂಡನ್ನು ಒತ್ತಿ ಸರಿಪಡಿಸಿದ ರಿಮ್ಮನ್ನು ನಾನು ಬೆಲೆ ಇಳಿಸಿಕೊಂಡು ಒಪ್ಪಿಕೊಳ್ಳುತ್ತೇನೆ, ಆದರೆ ವೆಲ್ಡ್ ಮಾಡಿದ ರಿಮ್ಮನ್ನು ಯಾವ ಬೆಲೆಗೂ ಕೊಳ್ಳಬಾರದು, ಮಾರಲೂ ಬಾರದು. ಟೈರ್ ಬಿಚ್ಚಿಸಿ, ಬರಿಯ ರಿಮ್ಮನ್ನೇ ಯಂತ್ರದ ಮೇಲೆ ತಿರುಗಿಸಿ ವೀಡಿಯೊ ಕಳುಹಿಸುವಂತೆ ಮಾರುವವರನ್ನು ಕೇಳಿದರೆ, ನಿಜವಾಗಿಯೂ ಒಳ್ಳೆಯ ಮಾಲು ಇಟ್ಟುಕೊಂಡವರು ಸಂತೋಷದಿಂದಲೇ ಕಳುಹಿಸುತ್ತಾರೆ.

ತೂಕದ ಲೆಕ್ಕವೂ ಇದನ್ನೇ ಹೇಳುತ್ತದೆ. ಹದಿನೈದು ಇಂಚಿನ ಅಲಾಯ್ ರಿಮ್ ಒಂದು ಏಳೆಂಟು ಕಿಲೋ ತೂಗುತ್ತದೆ. 185/65 ಆರ್15 ಟೈರ್ ಕೂತರೆ ಅದು ಹದಿನೈದು ಹದಿನಾರು ಕಿಲೋ ಆಗುತ್ತದೆ. ಟೈರ್ ಚೆನ್ನಾಗಿದ್ದರೆ ಅದನ್ನೂ ಕಳುಹಿಸುವುದು ನ್ಯಾಯವೇ, ಆದರೆ ಅದಕ್ಕೆ ಮೊದಲು ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯನ್ನು ಓದಬೇಕು. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟೈರ್. ಅಷ್ಟು ಹಳೆಯ ರಬ್ಬರಿಗೆ ಸಾಗಣೆಯ ದುಡ್ಡು ತೆರುವುದು ನನಗೆ ಸರಿ ಕಾಣುವುದಿಲ್ಲ, ಟೈರಿನ ಮೇಲ್ಮೈಯ ತೋಡುಗಳು ಎಷ್ಟೇ ಆಳವಾಗಿ ಉಳಿದಿದ್ದರೂ.

ಲಾರಿ ಟ್ರಾನ್ಸ್‌ಪೋರ್ಟ್ ಟೈರ್ ಸಮೇತದ ಸೆಟ್ಟಿಗೆ ಹೇಳಿ ಮಾಡಿಸಿದ ದಾರಿ. ನಾಲ್ಕು ವೀಲ್‌ಗಳ ಅರವತ್ತು ಅರವತ್ತೈದು ಕಿಲೋ ತೂಕಕ್ಕೆ ನಾನು ಕೊಟ್ಟ ಬಾಡಿಗೆಗಳಲ್ಲೆಲ್ಲ ಲಾರಿಯದೇ ಅತಿ ಕಡಿಮೆ, ಹಮಾಲಿ ಮತ್ತು ಎಲ್.ಆರ್. (ಟ್ರಾನ್ಸ್‌ಪೋರ್ಟಿನವರು ಕೊಡುವ ಲಾರಿ ರಸೀದಿ) ಖರ್ಚನ್ನು ಸೇರಿಸಿದರೂ ಕೂಡ. ಹಮಾಲರು ಟೈರ್ ಇರುವ ವೀಲನ್ನು ಎತ್ತುವುದಿಲ್ಲ, ಉರುಳಿಸುತ್ತಾರೆ. ಆದ್ದರಿಂದ ಅದು ಕೆಳಗೆ ಬೀಳುವ ಸಂದರ್ಭವೇ ಕಡಿಮೆ, ಬಿದ್ದರೂ ರಬ್ಬರು ಪೆಟ್ಟನ್ನು ತಡೆಯುತ್ತದೆ. ಗಾಳಿಯನ್ನು ಪೂರ್ತಿ ಬಿಡದೆ ಅರ್ಧದಷ್ಟಾದರೂ ಉಳಿಸಿ, ಹೊರಮುಖಕ್ಕೆ ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ ಬಿಗಿದು ಕಟ್ಟಿದರೆ ಸಾಕು. ಬರಿಯ ರಿಮ್ಮನ್ನು ಮಾತ್ರ ನಾನು ಲಾರಿಗೆ ಹಾಕುವುದಿಲ್ಲ. ಹುಬ್ಬಳ್ಳಿಯಿಂದ ಹೊರಟ ಸರಕು ನಡುವೆ ಒಂದು ಗೋಡೌನಿನಲ್ಲಿ ಇಳಿದು ಮತ್ತೊಂದು ಲಾರಿಗೆ ಏರುತ್ತದೆ, ಅದರ ಮೇಲೆ ಮೋಟಾರು, ಪೈಪು, ಧಾನ್ಯದ ಮೂಟೆ ಏನು ಬೇಕಾದರೂ ಕೂರಬಹುದು. ರಕ್ಷಣೆಯಿಲ್ಲದ ಅಂಚು ಆ ಭಾರವನ್ನು ತಾಳುವುದು ಕಷ್ಟ. ದಿನಗಳ ಖಾತರಿಯೂ ಇಲ್ಲಿ ಕಡಿಮೆ, ಪೂರ್ತಿ ಲೋಡ್ ಆಗದೆ ಗಾಡಿ ಹೊರಡುವುದಿಲ್ಲ.

ಬರಿಯ ರಿಮ್ಮಿಗೆ ಬಸ್ಸೇ ಸರಿ. ಕೆ.ಎಸ್.ಆರ್.ಟಿ.ಸಿ. 2021ರಲ್ಲಿ ‘ನಮ್ಮ ಕಾರ್ಗೋ’ ಆರಂಭಿಸಿದ ಮೇಲೆ ನಿಲ್ದಾಣದಿಂದ ನಿಲ್ದಾಣಕ್ಕೆ ಪಾರ್ಸೆಲ್ ಕಳುಹಿಸಲು ರಸೀದಿ ಸಮೇತದ ವ್ಯವಸ್ಥೆ ಸಿಕ್ಕಿತು. ತುಮಕೂರಿನಿಂದ ಶಿವಮೊಗ್ಗಕ್ಕೆ ನಾನು ಮಾರಿದ ರಿಮ್ಮುಗಳು ಬಸ್ಸಿನಲ್ಲಿ ಹೋದವು. ಕೊಂಡವರು ನಿಲ್ದಾಣದಲ್ಲಿಯೇ ಬಿಚ್ಚಿ, ಬೆರಳಾಡಿಸಿ ನೋಡಿ, ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಬಸ್ಸಿನ ಮುಖ್ಯ ಗುಣ ವೇಗವಲ್ಲ, ಕೈ ಬದಲಾಗುವುದು ಕಡಿಮೆ ಎಂಬುದು: ಇಲ್ಲಿ ಹತ್ತಿದ ಗಂಟು ಅಲ್ಲಿ ಇಳಿಯುತ್ತದೆ. ಮನೆ ಬಾಗಿಲಿಗೆ ಬರುವುದಿಲ್ಲ, ನಾವೇ ಹೋಗಿ ತರಬೇಕು, ಅದು ನನಗೆ ಕೊರತೆಯಾಗಿ ಕಂಡಿಲ್ಲ. ಖಾಸಗಿ ಸ್ಲೀಪರ್ ಬಸ್ಸುಗಳೂ ಪಾರ್ಸೆಲ್ ಒಯ್ಯುತ್ತವೆ; ಆದರೆ ಬೆಂಗಳೂರಿಗೆ ಹೋಗುವ ಅಂಥ ಬಸ್ಸುಗಳಲ್ಲಿ ಅನೇಕವು ತುಮಕೂರು ಊರೊಳಗೆ ಬರದೆ ಹೆದ್ದಾರಿಯಲ್ಲಿಯೇ ಮುಂದೆ ಸಾಗುವುದರಿಂದ, ನಸುಕಿನಲ್ಲಿ ಕ್ಯಾತ್ಸಂದ್ರದ ಬಳಿ ರಸ್ತೆ ಬದಿ ಕಾದು ನಿಂತು, ಒಂದು ನಿಮಿಷದಲ್ಲಿ ನಾಲ್ಕು ಗಂಟುಗಳನ್ನು ಇಳಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಬಿಚ್ಚಿ ನೋಡಲು ಬಿಡುವೂ ಇಲ್ಲ, ಬೆಳಕೂ ಇಲ್ಲ.

ಬಸ್ಸಿಗೆ ಕಟ್ಟುವ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಅನುಭವದಲ್ಲಿ ರಿಮ್ಮಿಗೆ ಗೀರು ಬೀಳುವುದು ಹೆಚ್ಚಾಗಿ ಒಂದು ರಿಮ್ ಇನ್ನೊಂದಕ್ಕೆ ಉಜ್ಜುವುದರಿಂದಲೇ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎರಡೂ ಅಂಚುಗಳಿಗೆ ತೊಡಿಸುತ್ತೇನೆ, ಮುಖದ ಮೇಲೆ ಫೋಮ್ ಶೀಟು, ಅದರ ಮೇಲೆ ರಟ್ಟು ಇಡುತ್ತೇನೆ. ಬಳಿಕ ಪ್ರತಿಯೊಂದನ್ನೂ ಬೇರೆ ಬೇರೆ ಗೋಣಿಚೀಲಕ್ಕೆ ಹಾಕಿ ದಬ್ಬಣದಿಂದ ಹೊಲಿದು, ಮೂಲೆಗಳಲ್ಲಿ ಹಿಡಿಯಲು ಕಿವಿ ಬಿಡುತ್ತೇನೆ. ರಟ್ಟಿನ ಡಬ್ಬಿಯನ್ನು ಹಿಡಿಯಲು ಆಸರೆಯಿಲ್ಲದೆ ಕೈಯಿಂದ ಜಾರಿಸುತ್ತಾರೆ. ಕಿವಿಯಿರುವ ಚೀಲವನ್ನು ಎತ್ತಿ ಇಡುತ್ತಾರೆ.

ಕೊರಿಯರ್ ಮನೆ ಬಾಗಿಲಿಗೆ ಬರುತ್ತದೆ ಎಂಬುದೊಂದೇ ಅದರ ಮೇಲುಗೈ. ಅನೇಕ ಕಂಪನಿಗಳು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬರುವ ತೂಕ ಮತ್ತು ನಿಜವಾದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತವೆ. ಟೈರ್ ಸಮೇತ 63, 63, 20ರ ಡಬ್ಬಿಗೆ ಸುಮಾರು ಹದಿನಾರು ಕಿಲೋ, ಬರಿಯ ರಿಮ್ಮಿನ 43, 43, 20ರ ಡಬ್ಬಿಗೆ ಏಳೂವರೆ ಕಿಲೋ ಬರುತ್ತದೆ. ಡಬ್ಬಿ ಸ್ವಲ್ಪ ದೊಡ್ಡದಾದರೂ ದರ ಏರುತ್ತದೆ ಎಂಬುದನ್ನು ನೆನಪಿಡಬೇಕು. ಮಂಗಳೂರಿನಿಂದ ಕೊರಿಯರಿನಲ್ಲಿ ತರಿಸಿದ ನಾಲ್ಕು ಡಬ್ಬಿಗಳು ಒಂದೇ ದಿನ ಹೊರಟು ಬೇರೆ ಬೇರೆ ದಿನ ತಲುಪಿದವು, ಕೊನೆಯದು ಬರುವವರೆಗೆ ಮಾರಿದವರಿಗೂ ನನಗೂ ನಡುವೆ ಅನಾವಶ್ಯಕವಾದ ಅನುಮಾನ ಬೆಳೆಯಿತು. ಸೆಟ್ಟಿನಲ್ಲಿ ಒಂದು ಕೆಟ್ಟು ಅದರ ಜೋಡಿಗೆ ಒಂದೇ ರಿಮ್ ಬೇಕಾದಾಗ ಮಾತ್ರ ನಾನು ಕೊರಿಯರನ್ನು ಆರಿಸುತ್ತೇನೆ.

ದುಡ್ಡಿನ ವಿಷಯದಲ್ಲಿ ನಾನು ಪಾಲಿಸುವ ಕ್ರಮವು ಸಾಗಣೆಯ ಜೊತೆ ಹೆಣೆದುಕೊಂಡಿದೆ: ಯಂತ್ರದ ವೀಡಿಯೊ ನೋಡಿದ ಮೇಲೆ ಒಂದು ಭಾಗ, ರಸೀದಿಯ ಅಥವಾ ಎಲ್.ಆರ್.ನ ಚಿತ್ರ ಬಂದ ಮೇಲೆ ದೊಡ್ಡ ಭಾಗ, ಮಾಲು ಕೈಸೇರಿದ ಮೇಲೆ ಉಳಿದದ್ದು. ಮಾರುವಾಗಲೂ ಇದನ್ನೇ ಒಪ್ಪುತ್ತೇನೆ. ನೋಡದೆಯೇ ಹೇಳಿದ ಬೆಲೆಗೆ ಒಪ್ಪಿ, ತಾನು ಸೈನ್ಯದಲ್ಲಿದ್ದೇನೆ, ಗಾಡಿ ಕಳುಹಿಸುತ್ತೇನೆ, ಹಣ ಬರಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುವವರ ಫೋನನ್ನು ಅಲ್ಲಿಗೇ ಕಡಿಯಬೇಕು. ಯುಪಿಐಯಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಯಾವ ದಾರಿಯಲ್ಲಿ ಕಳುಹಿಸಿದರೂ ಅಳತೆ ಹೊಂದದಿದ್ದರೆ ಎಲ್ಲವೂ ವ್ಯರ್ಥ. ಸ್ವಿಫ್ಟ್ ಮತ್ತು ಹೋಂಡಾ ಸಿಟಿ ಎರಡಕ್ಕೂ ನಾಲ್ಕು ನಟ್ಟು, ಪಿಸಿಡಿ (ನಟ್ಟಿನ ರಂಧ್ರಗಳ ಕೇಂದ್ರಗಳು ಕೂರುವ ವೃತ್ತದ ವ್ಯಾಸ) 100 ಮಿಲಿಮೀಟರ್. ಆದರೂ ನಡುವಿನ ರಂಧ್ರ ಸ್ವಿಫ್ಟಿಗೆ 54.1, ಸಿಟಿಗೆ 56.1. ಸಿಟಿಯ ರಿಮ್ಮನ್ನು ಸ್ವಿಫ್ಟಿಗೆ ಹಾಕಲು ನಡುವೆ ರಿಂಗ್ ಬೇಕು, ಸ್ವಿಫ್ಟಿನದು ಸಿಟಿಯ ಹಬ್ಬಿನ (ಕಾರಿನಲ್ಲಿ ವೀಲ್ ಕೂರುವ ನಡುಭಾಗ) ಮೇಲೆ ಕೂರುವುದೇ ಇಲ್ಲ. ನಟ್ಟುಗಳೂ ಒಂದೇ ಅಲ್ಲ: ಹೋಂಡಾ ಕಂಪನಿಯ ರಿಮ್ಮಿಗೆ ಗುಂಡುಮೂತಿಯ ನಟ್ಟು, ಹೊರಗಿನ ಅಲಾಯ್‌ಗಳಲ್ಲಿ ಬಹುಪಾಲಿಗೆ ಚೂಪುಮೂತಿಯದು, ತಪ್ಪು ನಟ್ಟು ಬಿಗಿದಂತೆ ಕಂಡರೂ ಓಡುತ್ತ ಓಡುತ್ತ ಸಡಿಲಾಗುತ್ತದೆ. ಆದ್ದರಿಂದ ರಿಮ್ಮಿನ ಹಿಂಭಾಗದಲ್ಲಿ ಅಚ್ಚಾದ ಅಗಲ ಮತ್ತು ಇಟಿ (ರಿಮ್ಮಿನ ನಡುರೇಖೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ದೂರ ಎಂಬುದು) ಸಂಖ್ಯೆಗಳ ಚಿತ್ರವನ್ನು ಮಾತುಕತೆಯ ಮೊದಲ ದಿನವೇ ತರಿಸಿಕೊಳ್ಳಬೇಕು. ಮಾರುವವರು ಆ ರಿಮ್ಮಿಗೆಂದೇ ಕೊಂಡಿದ್ದ ನಟ್ಟು, ರಿಂಗ್ ಮತ್ತು ನಡುವಿನ ಕ್ಯಾಪುಗಳನ್ನು ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ, ಒಂದನೆಯ ಗಂಟಿನ ಒಳಗೆ ಹೊಲಿದು ಕಳುಹಿಸಬೇಕು. ಹಾಕಿಸಿದ ಮೇಲೆ ನೂರು ಕಿಲೋಮೀಟರ್ ಓಡುವುದರೊಳಗೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ (ಬಿಗಿತವನ್ನು ಅಳೆದು ತೋರಿಸುವ ಸ್ಪ್ಯಾನರ್) ಮತ್ತೊಮ್ಮೆ ಬಿಗಿಸಿಕೊಳ್ಳಬೇಕು.