ಮೂರು ಮಳೆಗಾಲ ಕಂಡ ಏಳಡಿ ಪೋಕರ್ ಮೇಜು

ಅಂಕ: ಐದಕ್ಕೆ ಮೂರು. ಬಳಕೆ ಮಡಿಕೇರಿ ಕಡೆಯ ಹೋಂಸ್ಟೇ ಜಗಲಿಯಲ್ಲಿ. ವಾರಕ್ಕೆರಡು ಆಟ, ಬರೀ ಚಿಪ್ಸ್ (ಪಣಕ್ಕಿಡುವ ಬಿಲ್ಲೆ), ದುಡ್ಡಿಲ್ಲ.

84 × 42 ಇಂಚಿನ ಅಂಡಾಕಾರದ ಮಡಚುವ ಮೇಜು ಇದು. ಹತ್ತು ಜನಕ್ಕೆಂದು ಮಾರುತ್ತಾರೆ. ಸುತ್ತಳತೆ ಸುಮಾರು 216 ಇಂಚು, ಅಂದರೆ ತಲೆಗೆ ಇಪ್ಪತ್ತೊಂದೂವರೆ. ಮೊಣಕೈ ಊರಿ ಇಸ್ಪೀಟ್ ಎಲೆ ಎತ್ತಿ ನೋಡಲು 24 ಇಂಚಾದರೂ ಬೇಕು. ಎಂಟು ಜನಕ್ಕೆ ನೆಮ್ಮದಿ, ಒಂಬತ್ತಕ್ಕೆ ಸರಿ, ಹತ್ತನೆಯವರು ಬಂದರೆ ಪಕ್ಕದವರ ಎಲೆ ಕಾಣುತ್ತದೆ.

ಈ ಆಕಾರಕ್ಕೆ ಉದ್ದದ ಬದಿಯ ನಡುವೆ ಕೂತು ಎಲೆ ಹಂಚಲು ಪ್ರತ್ಯೇಕ ಒಬ್ಬರು ಬೇಕು. ಸರದಿಯಂತೆ ತಾವೇ ಹಂಚಿಕೊಳ್ಳುವ ಮನೆ ಆಟದಲ್ಲಿ ತುದಿಯವರು ಏಳಡಿ ಆಚೆಗೆ ಎಸೆಯಬೇಕಾಗುತ್ತದೆ, ಎಲೆ ಮಗುಚಿ ಗುಟ್ಟು ಬಯಲು. ಅಂಥ ಆಟಕ್ಕೆ 48 ಇಂಚಿನ ಎಂಟು ಮೂಲೆಯ ಮೇಜೇ ವಾಸಿ, ಆದರೆ ಅದರ ಒಂದೊಂದು ಬದಿ 20 ಇಂಚು ಮಾತ್ರ. ಎಂಟು ಮೂಲೆ ಎಂದು ಎಂಟು ಜನರನ್ನು ಕೂರಿಸಬೇಡಿ, ಆರೇ ಸಾಕು. ಪೋಕರ್ ಮುಗಿದ ಮೇಲೆ ರಮ್ಮಿ, ಇಪ್ಪತ್ತೆಂಟು ಎಂಬ ಇಸ್ಪೀಟ್ ಆಟಗಳಿಗೂ ಅದು ಒದಗುತ್ತದೆ.

ಬಟ್ಟೆ ವಿಷಯ ಆಟದ ವೇಗಕ್ಕೆ ಸೇರಿದ್ದು. ಇದರಲ್ಲಿರುವುದು ನುಣುಪಾದ ಪಾಲಿಯೆಸ್ಟರ್ ಸ್ಪೀಡ್ ಕ್ಲಾತ್: ಎಲೆ ಸರ್ರನೆ ಜಾರುತ್ತದೆ, ಚೆಲ್ಲಿದ ಕಾಫಿ ತಕ್ಷಣ ಒರೆಸಿದರೆ ಇಳಿಯುವುದಿಲ್ಲ. ವೆಲ್ವೆಟ್ ಥರದ್ದು ಮೆತ್ತಗಿದ್ದು ನಿಧಾನದ ಆಟಕ್ಕೆ ಚೆಂದ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಕೊಡಗಿಗೆ ಅದು ಬೇಡವೇ ಬೇಡ. ಅಂಚಿನಲ್ಲಿ ಹೊಳೆಯುವ ಪಾಲಿಶ್ ಮರದ ಪಟ್ಟಿ ಇರುವ ಮಾದರಿಯನ್ನೂ ಯೋಚಿಸಿ ಕೊಳ್ಳಿ. ಚಿಪ್ಸ್ ಜೋಡಿಸಲು ಒಳ್ಳೆಯದು, ಆದರೆ ಎಲೆ ಎತ್ತಿದಾಗ ಅದರ ಪ್ರತಿಬಿಂಬವೂ ಪಟ್ಟಿಯಲ್ಲಿ ಕಾಣಬಹುದು.

ನಿಜವಾದ ದೋಷ ನಡುವಿನ ಮಡಿಕೆಯಲ್ಲಿದೆ. ಒಳಗಿರುವುದು ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಎರಡನೇ ಮಳೆಗಾಲದಲ್ಲಿ ಕತ್ತರಿಸಿದ ಅಂಚಿನಿಂದ ತೇವ ಕುಡಿದು ಉಬ್ಬಿತು, ಕೀಲಿನ ಸ್ಕ್ರೂಗಳು ಹಿಡಿತ ಬಿಟ್ಟವು. ಹೋಲ್ಡೆಮ್ ಎಂಬ ಬಗೆಯ ಪೋಕರ್‌ನಲ್ಲಿ ಎಲ್ಲರಿಗೂ ಸೇರಿದ ಐದು ಎಲೆ ಬಿಚ್ಚಿಡುವುದೂ, ಚಿಪ್ಸ್ ರಾಶಿ ಬೀಳುವುದೂ ಅಲ್ಲೇ. ಉಬ್ಬಿದ ಎಂಡಿಎಫ್ ಮತ್ತೆ ಇಳಿಯುವುದಿಲ್ಲ, ಸ್ಕ್ರೂ ಬಿಗಿ ಮಾಡಿ ಪ್ರಯೋಜನವಿಲ್ಲ. ಬಡಗಿಯಿಂದ 18 ಮಿ.ಮೀ. ಐಎಸ್ 710 (ನೀರು ತಡೆಯುವ ಮರೀನ್ ದರ್ಜೆಯ) ಪ್ಲೈವುಡ್ ಹಲಗೆ ಮಾಡಿಸಿ, ಅಂಚುಗಳಿಗೆ ಎರಡು ಕೋಟ್ ಪಾಲಿಯುರೆಥೇನ್ ಹೊಡೆಸಿ, ಹಳೆಯ ಕಾಲುಗಳನ್ನೇ ಕೂರಿಸಿದರೆ ಆಗುತ್ತದೆ. ಜಾಗವಿದ್ದವರು ಮಡಚದ ಮೇಜನ್ನೇ ತೆಗೆದುಕೊಳ್ಳಲಿ.

ಮಳೆಯಲ್ಲಿ ಪ್ಲಾಸ್ಟಿಕ್ ಹೊದಿಸಿಡಬೇಡಿ, ಒಳಗೇ ಬೆವರುತ್ತದೆ. ಹತ್ತಿ ಬೆಡ್‌ಶೀಟ್ ಸಾಕು, ಗೋಡೆಯಿಂದ ನಾಲ್ಕು ಇಂಚು ದೂರವಿರಲಿ. ಕೈಯೂರುವ ರೆಕ್ಸಿನ್ ದಿಂಬಿನ ಬೂಷ್ಟು ನೀರು ಬೆರೆಸಿದ ವಿನೆಗರ್‌ಗೆ ಹೋಗುತ್ತದೆ, ಒರೆಸಿ ಒಣಗಿಸಬೇಕು. ಎಲೆಯೂ ಪೂರ್ತಿ ಪ್ಲಾಸ್ಟಿಕ್‌ನದ್ದೇ ಇರಲಿ, ಕಾಗದದ್ದು ಜುಲೈಯಲ್ಲಿ ಕಲಸಲು ಬರುವುದಿಲ್ಲ.

ಕಪ್ ಇಡುವ ಗುಳಿಗಳಲ್ಲಿ ಹಿಡಿಯಿರುವ ಕಾಫಿ ಮಗ್ ಕೂರುವುದಿಲ್ಲ. ಪಕ್ಕಕ್ಕೊಂದು ಸ್ಟೂಲ್ ಇಟ್ಟುಕೊಳ್ಳಿ.